ಮೇಲೆ ಹೊಸ 4ಜಿ, ಕೆಳಗೆ ಹಳೇ ಬ್ಯಾಟರಿ

ಮಾನ್ಯರೆ,

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನ್ಯಾಯಬೆಲೆ ಅಂಗಡಿ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮೂರ ಟವರಿಗೆ 4ಜಿ ಬಂತು. ಸುಳ್ಳು ಹೇಳಬಾರದು, ತುಂಬಾ ಅನುಕೂಲವಾಯಿತು. ಮೊದಲೆಲ್ಲ ಹೆಬ್ಬೆಟ್ಟು ಒತ್ತಿಸಿ, ಯಂತ್ರದ ಮೇಲೆ ಚಕ್ರ ತಿರುಗುವುದನ್ನು ನೋಡುತ್ತಾ ಕೂರಬೇಕಿತ್ತು. ಒಂದು ಕಾರ್ಡಿಗೆ ಹತ್ತು ನಿಮಿಷ. ಈಗ ಅಕ್ಕಿ ತೂಗುವಷ್ಟು ಹೊತ್ತೂ ಬೇಡ.

ಕರೆಂಟು ಇದ್ದರೆ ಮಾತ್ರ. ಅದು ಹೋದ ಮುಕ್ಕಾಲು ಗಂಟೆಗೆ ಟವರೂ ಮಲಗುತ್ತದೆ. ಬ್ಯಾಟರಿ ಹಳೇದು. ಜನರೇಟರಿಗೆ ಡೀಸೆಲ್ ಹಾಕುವವರಿಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ನಮಗೆ ಎರಡು ದಿನ ಕತ್ತಲೆ.

ಕಳೆದ ಆಷಾಢದಲ್ಲಿ ತೋಟದ ಕೂಲಿಗೆ ಹೋಗುವ ಹೆಂಗಸೊಬ್ಬರು ಕಂಬಳಿಕೊಪ್ಪೆ ಹಾಕಿಕೊಂಡು 4 ಕಿ.ಮೀ. ನಡೆದು ಬಂದರು. ಸೆರಗಿನಲ್ಲಿ ಬೆರಳು ಒರೆಸಿ ಒರೆಸಿ ಒತ್ತಿದರು. ಕೆಲಸ ಮಾಡಿ ಸವೆದ ಬೆರಳು, ತಪ್ಪು ಅದರದ್ದೇ ಅಂದುಕೊಂಡಿದ್ದರು, ಪಾಪ. ಮೂರನೇ ಸಲ ಬಂದಾಗ ಅಕ್ಕಿ ಸಿಕ್ಕಿತು. ಸುಮ್ನೆ ಎರಡು ದಿನದ ಕೂಲಿ ಹೋಯಿತು. ನೆಟ್‌ವರ್ಕಿನ ಲಾಭ-ನಷ್ಟ ಬರೆಯುವವರು ಈ ಕೂಲಿಯನ್ನು ಯಾವ ಪುಟದಲ್ಲಿ ಬರೆಯುತ್ತಾರೆ?

2022ರ ಜುಲೈನಲ್ಲಿ ಕೇಂದ್ರ ಸರ್ಕಾರ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 5 ವರ್ಷ ನಡೆಸುವ ಖರ್ಚೂ ಸೇರಿದೆ. ಲೆಕ್ಕ ಹಾಕಬೇಕಾದ್ದೇ ಹಾಗೆ. ಹಸು ಕೊಂಡರೆ ಸಾಕೇ, ಹುಲ್ಲು ಬೇಡವೇ? ನಮ್ಮ ಟವರಿನ ಹುಲ್ಲಿನ ಲೆಕ್ಕ ಯಾರ ಹತ್ತಿರ ಇದೆಯೋ ಗೊತ್ತಿಲ್ಲ.

ಮೊಬೈಲ್ ಕಂಪನಿಯವರನ್ನು ಕೇಳಿದರೆ 'ನಿಮ್ಮಲ್ಲಿ ಗ್ರಾಹಕರು ಕಡಿಮೆ' ಎನ್ನುತ್ತಾರೆ. ಹಳ್ಳಿಗಳಿಗೆ ದೂರಸಂಪರ್ಕ ಒದಗಿಸಲು ಎಂದೇ ಕಂಪನಿಗಳ ಆದಾಯದಿಂದ ಶೇ 5ರಷ್ಟು ಹಣ ಸರ್ಕಾರಕ್ಕೆ ಹೋಗುತ್ತದೆ. ಆ ಆದಾಯದಲ್ಲಿ ನಮ್ಮ ರೀಚಾರ್ಜೂ ಇದೆ ಅಲ್ವಾ? 28 ದಿನಕ್ಕೊಮ್ಮೆ ತಪ್ಪದೆ ಹಾಕಿಸುತ್ತೇವೆ. ಟವರ್ ಮಲಗಿದ ದಿನಗಳನ್ನು ಯಾರೂ ಕಳೆದು ಕೊಡುವುದಿಲ್ಲ.

ಒಮ್ಮೆ ಬಂದ ಎಂಜಿನಿಯರ್ 'ಸೋಲಾರ್ ಹಾಕಿಸೋಣ' ಅಂದರು. ಹುಲಿಕಲ್, ಮಾಸ್ತಿಕಟ್ಟೆ ಕಡೆಯವರನ್ನು ಕೇಳಿ, ಜುಲೈ ತಿಂಗಳಲ್ಲಿ ಸೂರ್ಯನ ಮುಖ ನೋಡಿದವರಿದ್ದಾರಾ ಅಂತ.

ಪೇಟೆಗೆ 5ಜಿ ಬರಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ನಮಗೆ ಜೂನಿನೊಳಗೆ ಬ್ಯಾಟರಿ ಬದಲಿಸಿ ಕೊಡಿ. ಡೀಸೆಲನ್ನೂ ಪಡಿತರದ ಹಾಗೆ ತಿಂಗಳಿಗೆ ಇಷ್ಟು ಲೀಟರ್ ಅಂತ ಗೊತ್ತುಮಾಡಿ. ಹಂಚುವುದು ಹೇಗೆ ಅಂತ ಬೇಕಾದರೆ ನಾನೇ ಹೇಳಿಕೊಡುತ್ತೇನೆ.

– ನ್ಯಾಯಬೆಲೆ ಅಂಗಡಿಯವ, ಹೊಸನಗರ ತಾಲ್ಲೂಕು