ವಿಆರ್ ಕನ್ನಡಕದಲ್ಲಿ ಸುರಕ್ಷತೆಯ ಪಾಠ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ಮುಂದಿನ ಸೋಮವಾರದಿಂದ ಎಲೆಕ್ಟ್ರಿಷಿಯನ್ ವಿಭಾಗದ ಮಕ್ಕಳಿಗೆ ವಿಆರ್ ಕನ್ನಡಕದ (ಹಾಕಿಕೊಂಡರೆ ಕಂಪ್ಯೂಟರಿನ ದೃಶ್ಯದೊಳಗೇ ನಿಂತಂತೆ ಕಾಣಿಸುವ ಸಾಧನ) ಮೂಲಕ ಸುರಕ್ಷತೆಯ ಪಾಠ ಶುರುವಾಗುತ್ತದೆ. "ಐಟಿಐಗೆ ಸೇರಿಸಿದ್ದು ಗೇಮ್ ಆಡ್ಲಿಕ್ಕಾ ಸಾರ್?" ಎಂದು ಒಬ್ಬರು ಗೇಟಿನಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಮೊದಲು ನಾನೇ ಹಾಕಿಕೊಂಡು ನೋಡಿದೆ. ಎದುರಿಗೆ ಕಂಬ, ಮೇಲೆ 11 ಕೆವಿ (11,000 ವೋಲ್ಟಿನ) ಲೈನ್, ಸುತ್ತ ಮಳೆ. ಲೈನ್ ಆಫ್ ಮಾಡಿಸಿದೆ, ಸ್ವಿಚ್ಚಿಗೆ ಬೀಗ ಹಾಕಿ ಎಚ್ಚರಿಕೆಯ ಫಲಕ ತೂಗಿಸಿ ಹತ್ತಿದೆ. ತಂತಿ ಮುಟ್ಟಿದ್ದೇ ತಡ, ಎಲ್ಲ ಕಪ್ಪಾಯಿತು. ಇಷ್ಟು ವರ್ಷ ಇದನ್ನೇ ಪಾಠ ಮಾಡಿದವನು ಸತ್ತಿದ್ದೆ! ಲೈನಿನಲ್ಲಿ ಕರೆಂಟ್ ಇದೆಯೇ ಎಂದು ಪರೀಕ್ಷಿಸಿರಲಿಲ್ಲ, ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಿರಲಿಲ್ಲ. ಮಕ್ಕಳು ಹೊಟ್ಟೆ ಹಿಡಿದು ನಕ್ಕರು.

ಆಫ್ ಆದ ಲೈನಿಗೆ ಕರೆಂಟ್ ಬಂದದ್ದು ಯಾವುದೋ ತೋಟದ ಜನರೇಟರಿನಿಂದ. ಚೇಂಜ್‌ಓವರ್ ಸ್ವಿಚ್ (ಮನೆಗೆ ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುವ ಸ್ವಿಚ್) ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಕೊಟ್ಟರೆ ಕರೆಂಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಪೆಟ್ಟಿಗೆ ಆಗ ಮನೆಯ 230 ವೋಲ್ಟನ್ನು ಏರಿಸಿ ಲೈನಿಗೆ ತಳ್ಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಕೊಡಗಿನಲ್ಲಿ, ಕಂಬ ಹತ್ತುವವನು ಮೊದಲು ತಿಳಿಯಬೇಕಾದದ್ದು ಇದು. ನಿಜವಾದ ಕಂಬದ ಮೇಲೆ ಈ ತಪ್ಪು ಮಾಡಿಸಿ ಕಲಿಸುವಂತಿಲ್ಲ.

ಹಾಗೆಂದು ಕನ್ನಡಕವೇ ಮೇಷ್ಟ್ರಲ್ಲ. ಒದ್ದೆ ಕಂಬದ ಜಾರು, ಸೊಂಟದ ಬೆಲ್ಟಿನ ಭಾರ ಅದರಲ್ಲಿ ತಿಳಿಯದು. ವರ್ಕ್‌ಶಾಪಿನ ಕೆಲಸ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ.

ಕನ್ನಡಕ ಹಾಕಿದಾಗ, ನಡೆಯುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ನಿಂತಿದ್ದೇನೆ ಎಂದು ಒಳಗಿವಿ ಹೇಳುತ್ತದೆ. ಹಾಗಾಗಿ ಸಂಪಾಜೆ ಘಾಟಿಯ ಬಸ್ಸಿನಲ್ಲಿ ಆದಂತೆ ಕೆಲವರಿಗೆ ತಲೆಸುತ್ತು, ವಾಕರಿಕೆ ಬರಬಹುದು. ಒಬ್ಬರಿಗೆ ಒಂದು ಸಲಕ್ಕೆ 15 ನಿಮಿಷ ಮಾತ್ರ. ಪಕ್ಕದಲ್ಲಿ ಬೋಧಕರು ಇರುತ್ತಾರೆ. ಮಗುವಿಗೆ ಫಿಟ್ಸ್ ಬರುವುದಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಅಂಥವರು ಕನ್ನಡಕ ಹಾಕದೆ ಟಿವಿಯಲ್ಲಿ ನೋಡಿ ಕಲಿಯುತ್ತಾರೆ, ಅಂಕವೇನೂ ಕಡಿಮೆಯಾಗದು.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ. ಮನೆಯಲ್ಲಿ ಜನರೇಟರ್ ಇದ್ದರೆ, ಚೇಂಜ್‌ಓವರ್ ಇದೆಯೇ ಎಂದು ಚೀಟಿಯ ಹಿಂದೆ ಬರೆಯಿರಿ. ನಾಚಿಕೆಪಡುವುದೇನೂ ಬೇಡ: ಮೊನ್ನೆ ನಮ್ಮಣ್ಣನ ಮನೆಯಲ್ಲಿ ನೋಡಿದರೆ, ಎರಡೂ ತುದಿಗೆ ಪಿನ್ ಹಾಕಿದ ವೈರನ್ನು ಜನರೇಟರಿನಿಂದ ನೇರ ಮನೆಯ ಸಾಕೆಟ್ಟಿಗೆ ಚುಚ್ಚಿ ಆರಾಮವಾಗಿ ಕೂತಿದ್ದ.

ಇತಿ,
ಪ್ರಾಚಾರ್ಯ