ಎಲ್‌ಸಿ ತಗೊಂಡೆಯಾ, ಪುಟ್ಟಿ?

ಪುಟ್ಟಿ,

ಸೋಮವಾರ ನೀನು ಬೆಳಗಿನ ರೈಲಿಗೆ ಹೊರಟಾಗ ನಾನು ಹಿತ್ತಲಲ್ಲಿ ತೆಂಗಿನ ಗರಿ ಕಡಿಯುತ್ತಿದ್ದೆ. ಅಂಥ ಅರ್ಜೆಂಟ್ ಕೆಲಸವೇನೂ ಅಲ್ಲ ಅದು. ಹಿಂದಿನ ರಾತ್ರಿ ನಾನು ಆಡಿದ ಮಾತನ್ನು ಇಲ್ಲಿ ಬರೆಯಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಫೋನಲ್ಲಿ ಹೇಳೋಣ ಅಂದರೆ "ಊಟ ಆಯ್ತಾ" ಅನ್ನುವುದು ಬಿಟ್ಟು ನನಗೆ ಬಾಯಿ ಬರಲ್ಲ. ಅದಕ್ಕೇ ಈ ಕಾಗದ.

ಮೊದಲು ಸಂಬಳದ ವಿಷಯ ಮುಗಿಸಿಬಿಡುತ್ತೇನೆ. ಕ್ಯಾಂಪಸ್ಸಲ್ಲಿ ಸಿಕ್ಕಿದ ಆರೂವರೆ ಲಕ್ಷದ ಕೆಲಸ ಬಿಟ್ಟು 4.8 ಲಕ್ಷದ ವಿಎಪಿಟಿ ಕೆಲಸಕ್ಕೆ, ಅಂದರೆ ಕಳ್ಳರಿಗಿಂತ ಮೊದಲೇ ವೆಬ್‌ಸೈಟಿನ ತೂತು ಹುಡುಕಿ ಹೇಳುವ ಕೆಲಸಕ್ಕೆ ಸೇರಿದ್ದು ನನಗೆ ಇನ್ನೂ ಅರಗಿಲ್ಲ. ಪಿಎಫ್ ಹಿಡಿದು ಕೈಗೆ 36 ಸಾವಿರ, ಅದರಲ್ಲಿ ಪಿಜಿಗೆ 11 ಸಾವಿರ. ಮಿಕ್ಕ ಲೆಕ್ಕ ಕ್ಯಾಲೆಂಡರ್ ಹಿಂದೆ ಇದೆ, ಬಂದಾಗ ನೋಡು. ಆದರೆ ನಿನ್ನ ದೊಡ್ಡಪ್ಪನ ಮಗ ಮೊನ್ನೆ ಬಂದು ನನಗೇ ಪಾಠ ಮಾಡಿ ಹೋದ. ಬ್ಯಾಂಕಿನವರು ಈ ತಪಾಸಣೆ ಮಾಡಿಸಲೇಬೇಕಂತೆ. ಸರ್ಕಾರಿ ವೆಬ್‌ಸೈಟ್ ಆದರೆ ಸರ್ಟ್-ಇನ್ ಅನ್ನುವ ಕೇಂದ್ರ ಸರ್ಕಾರದ ಸೈಬರ್ ಭದ್ರತೆ ಸಂಸ್ಥೆಯ ಪಟ್ಟಿಯಲ್ಲಿರುವ ಕಂಪನಿಯೇ ಆಡಿಟ್ ಮಾಡಬೇಕಂತೆ. 2023ರಲ್ಲಿ ಬಂದ ಡೇಟಾ ಕಾಯ್ದೆಯಲ್ಲಿ ದಂಡ 250 ಕೋಟಿವರೆಗೂ ಹೋಗುತ್ತದಂತೆ. "ಚಿಕ್ಕಪ್ಪಾ, ಮೂರು ವರ್ಷ ಕೈ ಪಳಗಿದರೆ ಆ ಆರೂವರೆ ಲಕ್ಷವನ್ನ ತಿರುಗಿ ನೋಡಲ್ಲ ಅವಳು" ಅಂದ. ಇರಬಹುದು.

2016ರಲ್ಲಿ ಆನಂದ್ ಪ್ರಕಾಶ್ ಅನ್ನುವ ಹುಡುಗನಿಗೆ ಫೇಸ್‌ಬುಕ್‌ನವರು ಅವರ ಸೈಟಿನಲ್ಲಿ ತೂತು ಹುಡುಕಿ ಹೇಳಿದ್ದಕ್ಕೆ 15,000 ಡಾಲರ್ ಬೌಂಟಿ, ಅಂದರೆ ಬಹುಮಾನ, ಕೊಟ್ಟ ಸುದ್ದಿಯನ್ನೂ ತೋರಿಸಿದ. ಆಗಿನ ಲೆಕ್ಕಕ್ಕೆ ಹತ್ತು ಲಕ್ಷ. ಪಾಸ್‌ವರ್ಡ್ ಮರೆತರೆ ಆರು ಅಂಕಿಯ ಕೋಡ್ ಬರುತ್ತದಲ್ಲ, ದೊಡ್ಡ ಬಾಗಿಲಲ್ಲಿ ಹತ್ತು ಹನ್ನೆರಡು ಸಲ ತಪ್ಪು ಹಾಕಿದರೆ ತಡೆಯುತ್ತಿತ್ತು. ಬೀಟಾ ಅಂತ ಇನ್ನೊಂದು ಬಾಗಿಲಿತ್ತು, ಅಲ್ಲಿ ಎಷ್ಟು ಸಲ ತಟ್ಟಿದರೂ ಕೇಳುವವರಿಲ್ಲ. ನನಗೂ ಅರ್ಥವಾಯಿತು ನೋಡು! ಆದರೆ ಪೇಪರಿನಲ್ಲಿ ಬರುವುದು ಸಿಕ್ಕವರ ಸುದ್ದಿ. ನೀನು ಏಳು ತಿಂಗಳು ನಿದ್ದೆಗೆಟ್ಟು ಕಳಿಸಿದ್ದಕ್ಕೆಲ್ಲ "ಡುಪ್ಲಿಕೇಟ್", ಬೇರೆಯವರು ಮೊದಲೇ ಹೇಳಿಯಾಗಿದೆ ಅಂತ ಬರುತ್ತಿತ್ತಲ್ಲ, ಅದನ್ನು ಯಾರು ಹಾಕುತ್ತಾರೆ? ಕೊನೆಗೂ 150 ಡಾಲರ್ ಬಂದ ದಿನ ನಾನು ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಮನೆಗೆ ಬಂದು ನಿನಗೆ ಮಾತ್ರ "ಲೈಟ್ ಆರಿಸಿ ಮಲಗು" ಅಂದೆ.

ಈಗ ನಿಜವಾದ ವಿಷಯ. ನನ್ನ ಭಯ ದುಡ್ಡಿನದಲ್ಲ.

ನಿನಗೆ ಕಡಲೆಮಿಠಾಯಿ ತರುತ್ತಿದ್ದ ಮಾವ ನೆನಪಿದ್ದಾರಾ? ನೀನಾಗ ಎರಡನೇ ಕ್ಲಾಸು. ಅವರು ಕರೆಂಟ್ ಹೊಡೆದು ಹೋದರು ಅಂತಷ್ಟೇ ನಿನಗೆ ಹೇಳಿದ್ದು. ಹೇಗೆ ಅಂತ ಹೇಳಿರಲಿಲ್ಲ.

ನಮ್ಮ ಲೈನ್‌ಮನ್ ಕೆಲಸದಲ್ಲಿ ಕಂಬ ಹತ್ತುವ ಮುಂಚೆ ಎಲ್‌ಸಿ ತಗೋಬೇಕು. ಲೈನ್ ಕ್ಲಿಯರ್. ಸಬ್‌ಸ್ಟೇಷನ್ನಿನ ಆಪರೇಟರ್ ಫೀಡರ್, ಅಂದರೆ ಆ ಕಡೆಗೆ ಕರೆಂಟ್ ಒಯ್ಯುವ ಲೈನ್, ಆಫ್ ಮಾಡಿ ಒಂದು ನಂಬರ್ ಕೊಡುತ್ತಾನೆ. ಅದನ್ನು ಬರೆದುಕೊಂಡು, ಲೈನಿಗೆ ಅರ್ಥಿಂಗ್ ಮಾಡಿ, ಆಮೇಲೆ ಕೈ ಹಾಕಬೇಕು. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಎಲ್‌ಸಿ ವಾಪಸ್. ಮಾವ ಎಲ್‌ಸಿ ಇಲ್ಲದೆ ಹತ್ತಿದರು ಅಂತ ಊರೆಲ್ಲ ಮಾತಾಡಿತು. ಸುಳ್ಳು. ಎಲ್‌ಸಿ ಇತ್ತು. ನಂಬರ್ ಅವರ ಜೇಬಿನಲ್ಲೇ ಇತ್ತು, ನಾನೇ ತೆಗೆದೆ.

ಆ ಕಂಬದಲ್ಲಿ ಎರಡು ಫೀಡರಿನ ಲೈನ್ ಹೋಗಿತ್ತು. ಎಲ್‌ಸಿ ಇದ್ದದ್ದು ಕೆಳಗಿನದಕ್ಕೆ. ಕೆಲಸ ಮುಗಿದಿತ್ತು ಪುಟ್ಟಿ, ಇಳಿಯುವುದಷ್ಟೇ ಬಾಕಿ. ಮೇಲಿನ ಲೈನಿನ ಇನ್ಸುಲೇಟರ್ ಒಡೆದಿರುವುದು ಕಣ್ಣಿಗೆ ಬಿತ್ತು. "ಇದೂ ಹೋಗಿದೆ ಕಣೋ, ನೋಡ್ತೀನಿ ಇರು" ಅಂದರು. ಕೆಳಗೆ ನಾನು ಹಗ್ಗ ಹಿಡಿದು ನಿಂತಿದ್ದೆ. ಬೇಡ ಅನ್ನಲು ಬಾಯಿ ತೆರೆದೆನೋ ಇಲ್ಲವೋ, ನನಗೆ ಇವತ್ತಿಗೂ ನೆನಪಾಗುತ್ತಿಲ್ಲ. ಎಷ್ಟು ಸಲ ಯೋಚಿಸಿದ್ದೇನೆ ಗೊತ್ತಾ? ಒಳ್ಳೆಯದಕ್ಕೇ ಕೈ ಚಾಚಿದ್ದು ಅವರು. ಒಡೆದದ್ದು ಕಂಡರೆ ಬಿಟ್ಟು ಬರುವ ಮನುಷ್ಯ ಅಲ್ಲ.

ನೀನೂ ಅಂಥವಳೇ.

ಸ್ಕೋಪ್ ಅಂದರೇನು ಅಂತ ನೀನು ಒಮ್ಮೆ ಅಮ್ಮನಿಗೆ ಹೇಳುತ್ತಿದ್ದೆ. ಯಾವ ವೆಬ್‌ಸೈಟ್ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅಂತ ಕಂಪನಿಯವರು ಬರೆದು ಕೊಡುತ್ತಾರೆ ಅಂತ. ಪೇಪರ್ ಓದುವವನ ಹಾಗೆ ಕೂತಿದ್ದೆ, ಆದರೆ ನನ್ನ ಕಣ್ಣ ಮುಂದೆ ಬಂದದ್ದು ಆ ಕಂಬ. ಕಾಲೇಜಿನ ಫೀಸಿನ ಪುಟದಲ್ಲಿ ನಂಬರ್ ಬದಲಾಯಿಸಿದರೆ ಬೇರೆಯವರ ರಸೀದಿ ಕಾಣುತ್ತದೆ ಅಂತ ನೀನು ಹೇಳಿದೆಯಲ್ಲ, ಆಗ ನಿನ್ನ ಕೈಲಿ ಎಲ್‌ಸಿ ಇರಲಿಲ್ಲ. ಅಲ್ಲಿ ನಮ್ಮಿಬ್ಬರನ್ನೂ ಎರಡು ಗಂಟೆ ಹೊರಗೆ ಕೂರಿಸಿದರು. ನಾನು ಹೆದರಿ ನಿನ್ನ ಕೈಲೇ ತಪ್ಪೊಪ್ಪಿಗೆ ಬರೆಸಿದೆ. ಬಾಗಿಲು ತೆರೆದಿಟ್ಟವರು ಅವರು, ಹೇಳಿದವಳು ನೀನು. ಅದು ಆಗ ನನಗೆ ಹೊಳೆಯಲಿಲ್ಲ. ಹೊಳೆದ ಮೇಲೂ ವರ್ಷವಿಡೀ ಸುಮ್ನೆ ಇದ್ದೆ. ಅದಕ್ಕೆ ನನ್ನನ್ನು ಬೈಯಬಹುದು ನೀನು.

ಆದರೆ ಕಾನೂನೂ ನೋಡಿಕೊಂಡೆ. 2000ನೇ ಇಸವಿಯ ಐಟಿ ಕಾಯ್ದೆ. 43ನೇ ಸೆಕ್ಷನ್ನಿನಲ್ಲಿ ಯಜಮಾನನ ಅನುಮತಿ ಇಲ್ಲದೆ ಒಳಗೆ ಹೋಗಬಾರದು ಅಂತಿದೆ. 66ರಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಎರಡೂ ಹಾಕಬಹುದು. ಅದು ಮೋಸದ ಉದ್ದೇಶ ಇದ್ದರೆ ಮಾತ್ರ ಅನ್ನುತ್ತೀಯ. ಸರಿ. ಉದ್ದೇಶ ಒಳ್ಳೆಯದಿತ್ತು ಅಂತ ತೋರಿಸುವಷ್ಟರಲ್ಲಿ ಎಷ್ಟು ಸಲ ಸ್ಟೇಷನ್ ಮೆಟ್ಟಿಲು ಹತ್ತಬೇಕೋ! ಅನುಮತಿ ಬರಹದಲ್ಲಿರಲಿ. ಮ್ಯಾನೇಜರ್ "ಅದನ್ನೂ ಒಂಚೂರು ನೋಡಿಬಿಡು" ಅಂದರೆ ಮೇಲ್ ಹಾಕಿ ಸಾರ್ ಅನ್ನು. ರಜೆಯಲ್ಲಿ ಕುತೂಹಲಕ್ಕೂ ಬೇರೆಯವರದ್ದು ಮುಟ್ಟಬೇಡ. ಏನಾದರೂ ತಾನಾಗಿ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ ಸರ್ಟ್-ಇನ್‌ಗೆ ಬರೆದುಬಿಡು. ಬೌಂಟಿ ದುಡ್ಡು ಡಾಲರಿನಲ್ಲಿ ಬಂದರೂ ರಿಟರ್ನ್ಸಲ್ಲಿ ತೋರಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಪಾಳಿ ಇದ್ದರೆ ಕಂಪನಿ ಗಾಡಿಯಲ್ಲೇ... ಹೂಂ, ಭಾಷಣ ಶುರುವಾಯಿತು. ಅಮ್ಮ ಪಕ್ಕದಲ್ಲೇ ಕೂತು ನಗುತ್ತಿದ್ದಾಳೆ.

ಇನ್ನೊಂದು. ಆ ಒಎಸ್‌ಸಿಪಿ ಅನ್ನುವ ನಿಮ್ಮ ಹ್ಯಾಕಿಂಗ್ ಸರ್ಟಿಫಿಕೇಟಿನ ಪರೀಕ್ಷೆಗೆ ಒಂದೂವರೆ ಲಕ್ಷದ ಹತ್ತಿರ ಆಗುತ್ತದೆ ಅಂತ ನೀನು ಗೆಳತಿಗೆ ಹೇಳುತ್ತಿದ್ದದ್ದು ಕೇಳಿಸಿತ್ತು. ಈ ತಿಂಗಳ ಚೀಟಿ ನಾನೇ ಎತ್ತಿದ್ದೇನೆ. ಸಾಲ ಅಂದುಕೋ, ಬೇಕಾದರೆ ಬಡ್ಡಿ ಹಾಕುತ್ತೇನೆ. ಒಟ್ಟು 23 ಗಂಟೆ 45 ನಿಮಿಷದ ಪರೀಕ್ಷೆಯಂತೆ, ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರಂತೆ, ಆಮೇಲೆ ಇನ್ನೊಂದು ದಿನ ರಿಪೋರ್ಟ್ ಬರೆಯಬೇಕಂತೆ. ಪಿಜಿಯಲ್ಲಿ ಆಗುವ ಕೆಲಸವಲ್ಲ ಅದು. ಊರಿಗೆ ಬಾ. ಮುಂದಿನ ಕೋಣೆ ಖಾಲಿ ಮಾಡಿಸುತ್ತೇನೆ, ಅಮ್ಮ ಟಿವಿ ಹಾಕಲ್ಲ. ತಾರೀಖು ಮಾತ್ರ ಮೊದಲೇ ಹೇಳು. ಅವತ್ತು ನಮ್ಮ ಫೀಡರಿಗೆ ಯಾರಾದರೂ ಎಲ್‌ಸಿ ಕೇಳಿದ್ದಾರಾ ಅಂತ ಸಬ್‌ಸ್ಟೇಷನ್ನಿನಲ್ಲಿ ವಿಚಾರಿಸಿಕೊಳ್ಳುತ್ತೇನೆ.

ನಿನ್ನ ಅಪ್ಪ