ನೇತ್ರದಾನಿಯ ಮನೆಯಲ್ಲಿ ಕೇಳುವ ಪ್ರಶ್ನೆಗಳು ಜನರಿಗೆ ಮೊದಲೇ ತಿಳಿದಿರಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗಿನ ನೇತ್ರದಾನ ಪಾಕ್ಷಿಕದಲ್ಲಿ ನಮ್ಮ ಭಾಗದಲ್ಲಿಯೂ ಜಾಥಾಗಳು ನಡೆಯುತ್ತವೆ, ಸಂಕಲ್ಪ ಪತ್ರಗಳನ್ನು ತುಂಬಿಸಿಕೊಳ್ಳಲಾಗುತ್ತದೆ, ಮರಣದ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕೆಂಬುದನ್ನು ಮತ್ತೆ ಮತ್ತೆ ಹೇಳಲಾಗುತ್ತದೆ. ಆದರೆ ದಾನಿಯ ರಕ್ತವನ್ನು ಪರೀಕ್ಷೆಗೆ ಒಯ್ಯುತ್ತಾರೆ, ಮನೆಯವರಿಗೆ ಕೆಲವು ಕಠಿಣ ಪ್ರಶ್ನೆಗಳನ್ನು ಕೇಳುತ್ತಾರೆ, ಇವೆರಡರಲ್ಲಿ ಯಾವುದೊಂದರಲ್ಲಿ ಸಂದೇಹ ಬಂದರೂ ಆ ಕಣ್ಣನ್ನು ಕಸಿಗೆ ಬಳಸುವುದಿಲ್ಲ ಎಂಬುದನ್ನು ಜನರಿಗೆ ಯಾರೂ ಮುಂಚಿತವಾಗಿ ತಿಳಿಸುವುದಿಲ್ಲ. ಆದ್ದರಿಂದಲೇ ‘ಕೊಟ್ಟ ಕಣ್ಣು ಯಾರಿಗೂ ಹಾಕಲಿಲ್ಲವಂತೆ’ ಎಂಬ ಬೇಸರ ಮತ್ತು ಅದರ ಬೆನ್ನಿಗೆ ಅಪನಂಬಿಕೆ ಹುಟ್ಟುತ್ತವೆ. ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಈ ವಿಷಯವನ್ನು ನಿಮ್ಮ ಓದುಗರ ಮುಂದೆ ಇಡಲು ಬಯಸುತ್ತೇನೆ.

ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಾಣುಗಳ ಸೋಂಕನ್ನೂ ಸಿಫಿಲಿಸ್ ರೋಗವನ್ನೂ ಹುಡುಕಲಾಗುತ್ತದೆ. ಕಸಿಗೆ ಬಳಸುವ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ರಕ್ತನಾಳಗಳಿಲ್ಲದ ಕಾರಣ ಅದರ ಮೂಲಕ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆ ಎಂಬುದು ನಿಜ. ಆದರೂ ಹೆಪಟೈಟಿಸ್ ಬಿ ಹಾಗೆ ಹರಡಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ದಾನವಾಗಿ ಪಡೆಯುವ ಚರ್ಮ ಮತ್ತು ಮೂಳೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ರಕ್ತಪರೀಕ್ಷೆಗೂ ಅದರದೇ ಮಿತಿಯಿದೆ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ದೇಹವು ಸೋಂಕನ್ನು ಎದುರಿಸುವ ಪ್ರತಿಕಾಯಗಳನ್ನು ಇನ್ನೂ ಉತ್ಪಾದಿಸಿರುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಹೆಪಟೈಟಿಸ್ ಸಿ ವಿಷಯದಲ್ಲಿ ಈ ಅವಧಿ ಎರಡು ತಿಂಗಳವರೆಗೂ ಇರಬಹುದು. 1985ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಮೃತಪಟ್ಟ 22 ವರ್ಷದ ದಾನಿಯೊಬ್ಬನ ರಕ್ತದಲ್ಲಿ ಎಚ್‌ಐವಿ ಪ್ರತಿಕಾಯ ಸಿಗಲಿಲ್ಲ. ಮುಂದೆ ವಿಚಾರಿಸಿದಾಗ, ಅವನ ಅಂಗಗಳನ್ನು ಪಡೆದ ನಾಲ್ವರಿಗೂ, ಸಂಸ್ಕರಿಸದೆ ಶೀತಲೀಕರಿಸಿದ ಮೂಳೆಯನ್ನು ಪಡೆದ ಮೂವರಿಗೂ ಸೋಂಕು ತಗುಲಿರುವುದು ಗೊತ್ತಾಯಿತು. ವೈರಾಣುವಿನ ಜೀನನ್ನೇ ನೇರವಾಗಿ ಹುಡುಕುವ ನ್ಯಾಟ್ ಪರೀಕ್ಷೆಯು ಎಚ್‌ಐವಿಯ ಈ ಕುರುಡು ಅವಧಿಯನ್ನು ಸುಮಾರು 10 ದಿನಗಳಿಗೆ ಇಳಿಸುತ್ತದೆ, ಆದರೆ ಪೂರ್ತಿ ಇಲ್ಲವಾಗಿಸುವುದಿಲ್ಲ. ಹೆರಿಗೆಯ ವೇಳೆ ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆಯನ್ನು ದಾನ ಮಾಡಿದ ತಾಯಿಯನ್ನು ಆರು ತಿಂಗಳ ನಂತರ ಮತ್ತೆ ಕರೆಸಿ ಪರೀಕ್ಷಿಸಿ, ಅಲ್ಲಿಯವರೆಗೆ ಪೊರೆಯನ್ನು ಶೈತ್ಯದಲ್ಲಿ ಕಾದಿರಿಸಬಹುದು. ತೀರಿಕೊಂಡವರ ರಕ್ತವನ್ನು ಎರಡನೆಯ ಸಲ ಪಡೆಯಲು ಬರುವುದಿಲ್ಲ.

ಈ ಕೊರತೆಯನ್ನು ತುಂಬುವುದು ಮನೆಯವರ ಬಾಯಿಂದ ಬರುವ ಮಾಹಿತಿ. ಇದಕ್ಕೆ ರೇಬೀಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೇತ್ರ ಬ್ಯಾಂಕು ಮಾಡುವ ಯಾವ ರಕ್ತಪರೀಕ್ಷೆಯಲ್ಲಿಯೂ ರೇಬೀಸ್ ಕಾಣಿಸುವುದಿಲ್ಲ. 1978ರಲ್ಲಿ ಅಮೆರಿಕದಲ್ಲಿ ಪಾರ್ಶ್ವವಾಯುವಿನಂತೆ ತೋರಿದ ಕಾಯಿಲೆಯಿಂದ ತೀರಿಕೊಂಡ ದಾನಿಯ ಕಾರ್ನಿಯಾ ಪಡೆದ ಮಹಿಳೆ ರೇಬೀಸ್‌ನಿಂದ ಮೃತಪಟ್ಟರು. ನಮ್ಮ ದೇಶದಲ್ಲಿಯೇ ಒಬ್ಬ ದಾನಿಯ ಎರಡು ಕಾರ್ನಿಯಾ ಪಡೆದ ಇಬ್ಬರೂ ಸತ್ತ ವರದಿ 1988ರಲ್ಲಿ ಪ್ರಕಟವಾಗಿದೆ. ಬೀದಿನಾಯಿಗಳ ಕಾಟವಿಲ್ಲದ ಊರು ನಮ್ಮಲ್ಲಿ ಎಲ್ಲಿದೆ? ‘ಲಕ್ವಾ ಹೊಡೆದು ಹೋದರು’ ಎಂಬ ಉತ್ತರದ ಹಿಂದೆ ಏನಿತ್ತು ಎಂಬುದನ್ನು, ಕೆಲವು ತಿಂಗಳ ಹಿಂದೆ ನಾಯಿ ಕಡಿದಿತ್ತೇ, ಚುಚ್ಚುಮದ್ದನ್ನು ಪೂರ್ತಿ ಮಾಡಿಸಿದ್ದರೇ, ಕೊನೆಯ ದಿನಗಳಲ್ಲಿ ನೀರು ಕುಡಿಯಲು ತೊಂದರೆಯಾಗುತ್ತಿತ್ತೇ ಎಂದು ಕೇಳಿದರೆ ಮಾತ್ರ ತಿಳಿಯಬಹುದು.

ಈ ಪ್ರಶ್ನೆಗಳನ್ನು ಕೇಳುವ ಬಗೆಯೇ ನನಗೆ ಹೆಚ್ಚು ಚಿಂತೆಯ ವಿಷಯ. ಸಾವಿನ ಮನೆಯ ಪಡಸಾಲೆಯಲ್ಲಿ ಬೀಗರು, ಓಣಿಯವರು, ಊರ ಹಿರಿಯರು ಕುಳಿತಿರುವಾಗ ಕಾಮಾಲೆ, ಇಂಜೆಕ್ಷನ್, ಲೈಂಗಿಕ ಸಂಬಂಧಗಳ ಕುರಿತು ಕೇಳಿದರೆ ಮನೆಯವರು ಮರ್ಯಾದೆಗೆ ಅಂಜಿ ಎಲ್ಲಕ್ಕೂ ‘ಇಲ್ಲ’ ಎನ್ನುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅನೇಕ ವೇಳೆ ಉತ್ತರ ಕೊಡುವವರು ಅಣ್ಣತಮ್ಮಂದಿರಾಗಿರುತ್ತಾರೆ, ಸಂಗತಿ ಗೊತ್ತಿರುವ ಹೆಂಡತಿ ಒಳಗಿನ ಕೋಣೆಯಲ್ಲಿರುತ್ತಾಳೆ. ಆದ್ದರಿಂದ ಮೃತರೊಂದಿಗೆ ಬದುಕಿದವರನ್ನು ಬೇರೆ ಕೂಡಿಸಿ, ನಿಧಾನವಾಗಿ, ಹೆಣ್ಣುಮಕ್ಕಳನ್ನು ಸಾಧ್ಯವಿದ್ದಲ್ಲಿ ಮಹಿಳಾ ಸಿಬ್ಬಂದಿಯ ಮೂಲಕವೇ ವಿಚಾರಿಸಬೇಕು. ಉತ್ತರ ಹೇಳಲು ಮನಸ್ಸಿಲ್ಲದವರಿಗೆ, ಕಾರಣ ಕೊಡದೆಯೇ ‘ಬೇಡ’ ಎನ್ನುವ ಅವಕಾಶವನ್ನೂ ಬಿಡಬೇಕು. ರಕ್ತದಲ್ಲಿ ಸೋಂಕು ಕಂಡುಬಂದರೆ ಪತ್ನಿ ಅಥವಾ ಪತಿಯನ್ನು ವೈದ್ಯರು ಖಾಸಗಿಯಾಗಿ ಕಂಡು ಉಚಿತ ಪರೀಕ್ಷೆಗೆ ದಾರಿ ತೋರಿಸಬೇಕಲ್ಲದೆ ಆ ಸುದ್ದಿ ಓಣಿಗೆ ತಲುಪಬಾರದು. ಎಚ್‌ಐವಿ ಕುರಿತ 2017ರ ಕಾಯ್ದೆಯೂ ಗೋಪ್ಯತೆಯನ್ನು ಕಡ್ಡಾಯಗೊಳಿಸಿದೆ.

ಪ್ರಯೋಗಾಲಯದ ಕಡೆಯಿಂದಲೂ ಒಂದು ಬೇಡಿಕೆಯಿದೆ. ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕವರಿಗೆ ಆಸ್ಪತ್ರೆಯಲ್ಲಿ ಬಾಟಲಿಗಟ್ಟಲೆ ಸಲೈನ್ ಮತ್ತು ರಕ್ತ ಏರಿಸುತ್ತಾರೆ. ಹಾಗೆ ತೆಳುವಾದ ರಕ್ತದಲ್ಲಿ ಪ್ರತಿಕಾಯಗಳ ಪ್ರಮಾಣ ಕುಗ್ಗುವುದರಿಂದ ಸೋಂಕಿದ್ದರೂ ಪರೀಕ್ಷೆ ‘ಇಲ್ಲ’ ಎನ್ನಬಹುದು. ಮರಣದ ನಂತರ ತಡವಾಗಿ ತೆಗೆದ ರಕ್ತದಲ್ಲಿ ಕೆಂಪು ಕಣಗಳು ಒಡೆದು ಫಲಿತಾಂಶ ಕೆಡುವುದೂ ಉಂಟು. ದಾಖಲಾದ ಕೂಡಲೇ, ಸಲೈನ್ ಮತ್ತು ರಕ್ತ ಏರಿಸುವ ಮೊದಲು ತೆಗೆದ ರಕ್ತದ ಉಳಿಕೆಯನ್ನು ಎಸೆಯದೆ ಕೆಲವು ದಿನ ಫ್ರಿಜ್ಜಿನಲ್ಲಿಡುವ ಪದ್ಧತಿಯನ್ನು ಎಲ್ಲ ತುರ್ತು ಚಿಕಿತ್ಸಾ ಘಟಕಗಳು ಪಾಲಿಸಿದರೆ ನೇತ್ರ ಬ್ಯಾಂಕಿಗೆ ನಂಬಬಹುದಾದ ಮಾದರಿ ಸಿಗುತ್ತದೆ; ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ನ್ಯಾಟ್ ಸೌಲಭ್ಯವನ್ನು ಮಾತ್ರ ಪ್ರತಿ ನೇತ್ರ ಬ್ಯಾಂಕು ತಾನೇ ಹೊಂದುವುದು ಕಷ್ಟ. ಅದಿರುವ ರಕ್ತ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ಮಾದರಿಯನ್ನು ಕಳುಹಿಸಬಹುದು. ಸಾಮಾನ್ಯ ದ್ರಾವಣದಲ್ಲಿಟ್ಟ ಕಾರ್ನಿಯಾ 4 ದಿನ, ಉತ್ತಮ ದ್ರಾವಣದಲ್ಲಿಟ್ಟದ್ದು 14 ದಿನದವರೆಗೆ ಉಳಿಯುವುದರಿಂದ ಅಷ್ಟು ಸಮಯ ಸಿಗುತ್ತದೆ.

1994ರ ಅಂಗಾಂಗ ಕಸಿ ಕಾಯ್ದೆಗೆ 2011ರ ತಿದ್ದುಪಡಿಯಲ್ಲಿ ಕಾರ್ನಿಯಾ, ಚರ್ಮ, ಮೂಳೆಯಂತಹ ಅಂಗಾಂಶಗಳನ್ನೂ ಸೇರಿಸಲಾಗಿದೆ. ಕಾನೂನಿನ ಚೌಕಟ್ಟು ಇರುವಾಗ, ಮೇಲೆ ಹೇಳಿದ ಪ್ರಶ್ನೆಗಳನ್ನು ಸಂಕಲ್ಪ ಪತ್ರದ ಹಿಂಬದಿಯಲ್ಲಿ ಸರಳ ಕನ್ನಡದಲ್ಲಿ ಮುದ್ರಿಸಿ, ಸಹಿ ಹಾಕುವ ದಿನವೇ ಮನೆಯವರಿಗೆ ಓದಿ ಹೇಳುವ ವ್ಯವಸ್ಥೆಯನ್ನು ಗದಗ, ಧಾರವಾಡ ಮತ್ತು ಹಾವೇರಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಮುಂದಿನ ಪಾಕ್ಷಿಕದೊಳಗೆ ಜಾರಿಗೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ಬೆಟಗೇರಿ, ಗದಗ